ಮಂಗಳವಾರದ ಕಾಚಿನ ಗಿಡ

ಸಾಲಿಗ್ರಾಮದ ಬಸ್ ಸ್ಟ್ಯಾಂಡಿನ ಎದುರಿಗಿರುವ ನನ್ನ ಅಂಗಡಿಯಲ್ಲಿ ಕರ್ಪೂರದಿಂದ ಹಿಡಿದು ಕಲಶದ ಚೊಂಬಿನವರೆಗೆ ಎಲ್ಲವೂ ಸಿಗುತ್ತದೆ. ದೇವರೊಬ್ಬನನ್ನು ಬಿಟ್ಟು ಪೂಜೆಗೆ ಬೇಕಾದದ್ದೆಲ್ಲ ಇದೆ ಎಂದು ನಾನು ಗಿರಾಕಿಗಳಿಗೆ ಹೇಳುವುದುಂಟು. ಈ ಸರಕಿನಲ್ಲೆಲ್ಲ ಅತ್ಯಂತ ಅಗ್ಗದ್ದೂ ಅತ್ಯಂತ ತಲೆನೋವಿನದೂ ಯಾವುದೆಂದರೆ ಸಮಿತ್ತು. ಹೋಮದ ಬೆಂಕಿಗೆ ತುಪ್ಪದಲ್ಲಿ ಅದ್ದಿ ಹಾಕುವ ಗೇಣುದ್ದದ ಕಡ್ಡಿ, ಅಷ್ಟೆ. ಆದರೆ ನವಗ್ರಹಗಳು ಮದುವೆಮನೆಯ ಬೀಗರ ಹಾಗೆ. ಒಬ್ಬೊಬ್ಬರಿಗೂ ಒಂದೊಂದು ಬೇರೆ ಆಗಬೇಕು. ಸೂರ್ಯನಿಗೆ ಎಕ್ಕ, ಗುರುವಿಗೆ ಅಶ್ವತ್ಥ, ಶುಕ್ರನಿಗೆ ಅತ್ತಿ. ಎಕ್ಕ ಬಸ್ ಸ್ಟ್ಯಾಂಡಿನ ಹಿಂದೆಯೇ ಬೆಳೆಯುತ್ತದೆ. ಅಶ್ವತ್ಥ ಇಲ್ಲದ ಊರಿಲ್ಲ. ತಕರಾರು ಕುಜನದ್ದು. ಅವನಿಗೆ ಕಾಚಿನ ಮರದ ಕಡ್ಡಿಯೇ ಬೇಕು. ಆ ಮರ ನಮ್ಮ ಸುತ್ತಿನಲ್ಲಿ ಇದ್ದದ್ದು ಬೈಂದೂರಿನ ಹತ್ತಿರ, ಯಡ್ತರೆಯ ಮೇಲಿನ ಕಲ್ಲುಗುಡ್ಡೆಯಲ್ಲಿ.

ಅಲ್ಲಿಂದ ಅದನ್ನು ತರುತ್ತಿದ್ದವನು ಕಮಲಾಕ್ಷ.

ಅವನ ಅಪ್ಪ ನಮ್ಮ ಸಾಲಿಗ್ರಾಮದ ದೇವಸ್ಥಾನಕ್ಕೆ ಹೂವು, ಪತ್ರೆ ಒದಗಿಸುತ್ತಿದ್ದವರು. ಮಗ ಒಮ್ಮೆ ಎಲ್ಲರ ಹಾಗೆ ಮುಂಬಯಿಗೆ ಹೋಗಿ ಕ್ಯಾಂಟೀನಿನಲ್ಲಿ ಲೋಟ ತೊಳೆದು ನೋಡಿದ. ಅಲ್ಲಿ ಗುರುತು ಹಿಡಿಯಲು ಮರಗಳೇ ಇಲ್ಲ ಎಂದು ವಾಪಸ್ಸು ಬಂದು ಅಪ್ಪನ ಚೀಲವನ್ನೇ ಹೆಗಲಿಗೆ ಹಾಕಿಕೊಂಡ. ಸಣಕಲು ಮೈ, ಮೊಣಕೈವರೆಗೆ ಮುಳ್ಳು ಗೀರಿದ ಗೆರೆಗಳು, ಮಳೆ ಇರಲಿ ಬಿಸಿಲಿರಲಿ ಕಂಕುಳಲ್ಲೊಂದು ಕೊಡೆ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾವ ಮನೆಯಲ್ಲಿ ಹೋಮವಾದರೂ ಕಡ್ಡಿ ಅವನದ್ದು, ಮಾರಾಟ ನನ್ನದು, ಹೊಗೆ ಮನೆಯವರದ್ದು.

ಕಮಲಾಕ್ಷನಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ. ನನ್ನ ಹೆಂಡತಿ ಜಲಜಳನ್ನು ಎಷ್ಟೋ ಸಲ ನೋಡಿದ್ದವನು ಒಂದು ದಿನ ಅವಳ ಎದುರಿಗೇ, “ಇವ್ರ್ ಯಾರ್ ರತ್ನಾಕರಣ್ಣ?” ಎಂದು ನನ್ನನ್ನು ಕೇಳಿ, ನಮ್ಮ ಮನೆಯ ಕಾಫಿಗೆ ತಾನೇ ಕಲ್ಲು ಹಾಕಿಕೊಂಡ. ಎಲೆಯ ವಿಷಯ ಹಾಗಲ್ಲ. ಓಡುವ ಬಸ್ಸಿನ ಕಿಟಕಿಯಲ್ಲಿ ಸರ್ರೆಂದು ಹಿಂದೆ ಹೋದ ಪೊದೆಯ ಹೆಸರು, ಅದರ ಅಜ್ಜನ ಹೆಸರು, ಎರಡನ್ನೂ ಹೇಳುತ್ತಿದ್ದ. ಹೇಳದೆ ಬಿಡುತ್ತಿರಲಿಲ್ಲ ಎಂಬುದೇ ಬಸ್ಸಿನವರ ದೂರು.

ಒಮ್ಮೆ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು. ಕೆಣಕೋಣವೆಂದು ನಾನು, “ಜಾಲಿ, ಕಾಚ್, ಸೀಗೆ ಎಲ್ಲ ಒಂದೇ ಕುಲ ಅಂಬ್ರಲೆ ಕಮಲಾಕ್ಷ? ಯಾವ್ದ್ ಹಾಕಿರೂ ಕುಜನಿಗೆ ಎಂತ ಗೊತ್ತಾತ್ತ್?” ಎಂದೆ.

ಕಟ್ಟುತ್ತಿದ್ದ ಕಡ್ಡಿಯ ಕಂತೆಯನ್ನು ಕೆಳಗಿಟ್ಟ. “ಕುಲ ಒಂದೇ, ನಡತೆ ಬೇರೆ. ಕಾಣಿ, ಜಾಲಿ ಮುಳ್ಳ್ ನೆಟ್ಟಗೆ, ಬೆಳ್ಳಗೆ, ದಬ್ಬಣದ ಹಾಂಗೆ. ಎದುರಿಂದ್ಲೇ ಚುಚ್ಚುತ್ತ್. ಕಾಚಿನ ಮುಳ್ಳ್ ಕೊಕ್ಕೆ, ಎಲೆ ಬುಡದಗೆ ಜೋಡಿ ಜೋಡಿ ಇರತ್ತ್. ಒಳಗ್ ಹೋಪತಿಗೆ ಸುಮ್ನೆ ಬಿಡ್ತ್, ಹೊರಗ್ ಬಪ್ಪತಿಗೆ ಅಂಗಿ ಹಿಡಿತ್ತ್. ನಿಮ್ಮ್ ಅಂಗ್ಡಿ ಹಾಂಗೆ.”

“ಹೂಗ್?”

“ಜಾಲಿ ಹೂಗ್ ಅರಶಿನದ ಉಂಡೆ. ಕಾಚಿನ ಹೂಗ್ ಅಳಿಲ್ ಬಾಲ, ಹಾಲಿನ ಕೆನೆ ಬಣ್ಣ. ಸೀಗೆ ಮರ ಅಲ್ಲ, ಬಳ್ಳಿ. ಅದ್ರ ಹೂಗೂ ಉಂಡೆಯೇ, ಆರೆ ಮೊಗ್ಗ್ ಕೆಂಪ್. ಸಂಶಯ ಬಂದ್ರೆ ಕುಡಿ ಬಾಯಿಗ್ ಹಾಕಿ, ಹುಳಿ ಇದ್ರೆ ಸೀಗೆ.”

“ಮತ್ತೆ ಗುಡ್ಡೆ ತುಂಬ ನೆಟ್ಟಿದ್ರಲೆ, ಅಕೇಶಿಯಾ?”

ಕಮಲಾಕ್ಷ ಮುಖ ತಿರುಗಿಸಿದ. “ಅದೊಂದ್ ಮರವಾ ಮಾರಾಯ್ರೆ? ಎಲೆ ಕಂಡ್ರೆ ಕತ್ತಿ, ಹೂಗ್ ಕಂಡ್ರೆ ಹಳದಿ ಹುಳ, ಕಾಯಿ ಕಂಡ್ರೆ ಸುರುಟಿದ ಕಿವಿ. ಅದ್ರ ಬದಿಗೆ ನಾ ಕಾಂತೂ ಇಲ್ಲೆ.”

ಅವನಿಗೆ ಸಿಟ್ಟು ಬರಲು ಕಾರಣವಿತ್ತು. ಅವನು ಕಡ್ಡಿ ಕಡಿಯುತ್ತಿದ್ದ ಎಷ್ಟೋ ಗುಡ್ಡೆಗಳ ಮೇಲೆ ಆಗಲೇ ಸಾಲಾಗಿ ಅಕೇಶಿಯಾ ಎದ್ದು ನಿಂತಿತ್ತು. ಪರದೇಶದ ಮರ, ಬೇಗ ಬೆಳೆಯುವ ಮರ, ದನ ತಿನ್ನದ ಮರ. ಕಮಲಾಕ್ಷ ಅದಕ್ಕೆ ಬಹಿಷ್ಕಾರ ಹಾಕಿದ್ದ. ಶತ್ರುವಿನ ಮುಖ ನೋಡುವುದಿಲ್ಲ ಎನ್ನುವುದು ಗಂಡಸರಿಗೆ ಶೋಭೆಯಿರಬಹುದು. ಶತ್ರುವಿನ ಮಕ್ಕಳನ್ನಾದರೂ ಅವನು ಒಮ್ಮೆ ನೋಡಿಟ್ಟುಕೊಳ್ಳಬೇಕಿತ್ತು.

ಅವನ ಹಟದ ಒಂದು ಮಾದರಿ ಹೇಳಿ ಮುಂದೆ ಹೋಗುತ್ತೇನೆ. ಕೋಟದಲ್ಲಿ ಒಂದು ಮನೆಒಕ್ಕಲು. ಕಮಲಾಕ್ಷ ಊಟಕ್ಕೆ ಬಂದವನು, ಹೋಮ ನೋಡಲಲ್ಲ. ಕಡ್ಡಿ ಕಡಿಮೆ ಬಿತ್ತೆಂದು ಪುರೋಹಿತರ ಕಡೆಯವರು ಯಾರೋ ಜಾಲಿಯ ಕಡ್ಡಿ ಸೇರಿಸಿಬಿಟ್ಟಿದ್ದರು. ಪಂಕ್ತಿಯಲ್ಲಿ ಕೂರಲು ಹೊರಟವನ ಕಣ್ಣು ಸಮಿತ್ತಿನ ತಟ್ಟೆಯ ಮೇಲೆ ಬಿತ್ತು. ನಿಂತೇಬಿಟ್ಟ.

“ಹ್ವಾಯ್, ಇದ್ ಕಾಚಲ್ಲ.”

“ಬೆಂಕಿಗ್ ಗೊತ್ತಾತ್ತಾ ಮಾರಾಯ?” ಎಂದರು ಪುರೋಹಿತರು.

“ಬೆಂಕಿಗ್ ಗೊತ್ತಾತಿಲ್ಲೆ. ನಂಗ್ ಗೊತ್ತಾಯ್ತಲೆ!”

ಅವನು ಸೈಕಲ್ ತುಳಿದು ನನ್ನ ಅಂಗಡಿಗೆ ಬಂದು, ತಾನೇ ಮಾರಿದ ಕಡ್ಡಿಯನ್ನು ತಾನೇ ಕೊಂಡು ಹೋಗುವವರೆಗೆ ಎಲೆ ಹಾಕಲಿಲ್ಲವಂತೆ. ಅಂದಿನ ಹಸಿದ ನೆಂಟರ ಶಾಪವೆಲ್ಲ ಕಮಲಾಕ್ಷನಿಗೆ. ವ್ಯಾಪಾರ ಮಾತ್ರ ನನಗೆ.

ಇಂಥವನಿಗೆ ನಲವತ್ತರ ಹತ್ತಿರವಾದರೂ ಮದುವೆಯಾಗಿರಲಿಲ್ಲ ಎಂದರೆ ಯಾರಿಗೂ ಆಶ್ಚರ್ಯವಿರಲಿಲ್ಲ. ಊರಿನ ಮದುವೆಗಳಿಗೆಲ್ಲ ಸಮಿತ್ತು ಒದಗಿಸುವವನ ಮನೆಯಲ್ಲಿ ಒಲೆಗೆ ಕಡ್ಡಿ ಹಾಕುವವರಿಲ್ಲ ಎಂದು ನಾನು ಆಡಿಕೊಳ್ಳುತ್ತಿದ್ದೆ. ಅವನೂ ನಗುತ್ತಿದ್ದ.

ಎರಡು ಸಾವಿರದ ಒಂದನೇ ಇಸವಿಯ ಮಳೆಗಾಲದ ಮೊದಲಲ್ಲಿ ಬ್ರಹ್ಮಾವರದ ನರ್ಸರಿ ತಿಮ್ಮಣ್ಣ ನನ್ನ ಅಂಗಡಿಗೆ ಬಂದರು. ತೆಂಗು, ಮಲ್ಲಿಗೆ, ಕಸಿ ಮಾವು, ಏನು ಬೇಕಾದರೂ ಅವರಲ್ಲಿ ಸಿಗುತ್ತಿತ್ತು. ಗುಡ್ಡೆಗೆ ನೆಡುವ ಅಕೇಶಿಯಾ ಸಸಿಗಳನ್ನು ಬೆಳೆಸಿಕೊಡುವ ಗುತ್ತಿಗೆಯೂ ಅವರದ್ದೇ. ದೊಡ್ಡ ಗಂಟಲಿನ ಮನುಷ್ಯ. ಅವತ್ತು ಮಾತ್ರ ಗಂಟಲು ಇಳಿದಿತ್ತು.

ವಿಷಯ ಅವರ ಮಗಳು ವನಜಳದ್ದು. ಹುಡುಗಿಗೆ ಮೂವತ್ತರ ಹತ್ತಿರ. ನರ್ಸರಿಯ ಅರ್ಧ ಕೆಲಸ ಅವಳ ಕೈಯಲ್ಲಿ, ಪೂರ್ತಿ ಆಡಳಿತ ಅವಳ ನಾಲಗೆಯಲ್ಲಿ. ಜಾತಕದಲ್ಲಿ ಕುಜದೋಷ. ನೋಡಲು ಬಂದವರೆಲ್ಲ ಶಿರಾ ತಿಂದು, ಜಾತಕ ಮಡಚಿಕೊಂಡು ಹೋಗಿದ್ದರು. ಈಗ ಗಂಗೊಳ್ಳಿಯಿಂದ ಒಂದು ಸಂಬಂಧ ಗಟ್ಟಿಯಾಗಿ ನಿಂತಿತ್ತು. ಹುಡುಗ ರವಿಚಂದ್ರ, ಬಂದರಿನ ಬಳಿ ಐಸ್ ಪ್ಲಾಂಟಿನಲ್ಲಿ ಪಾಲುದಾರ. ಅವನ ತಾಯಿ ಅಮ್ಮಣ್ಣಿಯವರದ್ದು ಒಂದೇ ಷರತ್ತು: ಕುಜಶಾಂತಿ ಆಗದೆ ನಿಶ್ಚಿತಾರ್ಥವಿಲ್ಲ. ಅವರ ಜ್ಯೋತಿಷಿ ಹೇಳಿದ ಶಾಂತಿಯ ಕ್ರಮವೂ ವಿಶೇಷದ್ದೇ. ಹುಡುಗಿ ತನ್ನ ಕೈಯಾರೆ ಕಾಚಿನ ಸಸಿ ನೆಡಬೇಕು. ಅವಳೇ ಆರೈಕೆ ಮಾಡಬೇಕು, ಬೇರೆಯವರು ಮುಟ್ಟಬಾರದು. ಗಿಡ ಮೊಣಕಾಲೆತ್ತರ ಆದ ಮೇಲೆ ಅದರದ್ದೇ ಕಡ್ಡಿಯಿಂದ ಹೋಮ.

“ನನ್ನತ್ರ ಎಲ್ಲ ಗಿಡ ಇತ್ತ್ ರತ್ನಾಕರಣ್ಣ, ಇದೊಂದಿಲ್ಲೆ. ಕಾಚಿನ ಗಿಡ ದುಡ್ಡ್ ಕೊಟ್ ಯಾರ್ ತಕಂತ್ರ್?” ಎಂದರು ತಿಮ್ಮಣ್ಣ.

ಮೂಲೆಯಲ್ಲಿ ಕಂತೆ ಕಟ್ಟುತ್ತಿದ್ದ ಕಮಲಾಕ್ಷ ತಲೆ ಎತ್ತದೆ ಹೇಳಿದ: “ನಾ ತಕಂಡ್ ಬತ್ತೆ.”

ಮಳೆ ಹಿಡಿದು ಹದಿನೈದು ದಿನವಾದ ಮೇಲೆ ಅವನು ಯಡ್ತರೆಯ ಗುಡ್ಡೆ ಹತ್ತಿದ. ದೊಡ್ಡ ಕಾಚಿನ ಮರದ ಬುಡದಲ್ಲೇ ಪುಟ್ಟ ಸಸಿಗಳು ಎದ್ದಿದ್ದವು. ಗರಿ ಗರಿ ಎಲೆ, ಹುಣಿಸೆ ಎಲೆಗಿಂತ ಸಣ್ಣ ಎಸಳು. ತಾಯಿಯ ಕಾಲಬುಡದಲ್ಲಿ ಆಡುವ ಮಕ್ಕಳನ್ನು ಯಾರ ಮಕ್ಕಳೆಂದು ವಿಚಾರಿಸುವವರುಂಟೇ? ಅವುಗಳಲ್ಲಿ ಚೆನ್ನಾಗಿರುವ ಒಂದನ್ನು ಮಣ್ಣು ಸಮೇತ ತೆಂಗಿನ ಕರಟದಲ್ಲಿಟ್ಟು ತಂದ.

ನನಗೂ ತಿಮ್ಮಣ್ಣನ ನರ್ಸರಿಯಿಂದ ತುಳಸಿ ಸಸಿ ತರುವುದಿತ್ತು. ಸ್ಕೂಟರಿನ ಹಿಂದೆ ಕಮಲಾಕ್ಷ ಆ ಕರಟವನ್ನು ಬಾಣಂತಿ ಕೂಸನ್ನು ಹಿಡಿದ ಹಾಗೆ ಹಿಡಿದು ಕೂತ. ವನಜ ಮಣ್ಣಿನ ಕೈ ತೊಳೆದು ಬಂದಳು. ಸಸಿಯನ್ನು ನೋಡಿದಳು, ಕಮಲಾಕ್ಷನನ್ನು ನೋಡಿದಳು, ಮತ್ತೆ ಸಸಿಯನ್ನು ನೋಡಿದಳು.

“ಇದ್ ಕಾಚಾ?”

“ಮತ್ತೆಂತ? ಎಲೆ ಕಾಣಿ, ಗರಿ ಹಾಂಗಿತ್ತ್. ಎಲೆ ಕಂಡ್ರೆ ಸಾಕ್ ನಂಗೆ.”

“ಮುಳ್ಳ್ ಎಲ್ಲಿತ್ತ್?”

“ಹುಟ್ಟಿದ್ ಕೂಸಿಗೆ ಹಲ್ಲಿರತ್ತಾ? ಬತ್ತ್, ನಿಧಾನಕ್ಕೆ.”

“ಹೌದಾ? ಬತ್ತಾ?” ವನಜ ಕೆಳತುಟಿ ಕಚ್ಚಿಕೊಂಡಳು. ಮದುವೆಯ ಮಾತಿಗೆ ನಾಚಿಕೆಯೆಂದು ನಾನು ಭಾವಿಸಿದೆ. ನಲವತ್ತು ವರ್ಷ ಗಿರಾಕಿಗಳ ಮುಖ ಓದಿ ಬದುಕಿದವನು ನಾನು. ಆ ದಿನ ನನ್ನ ಓದು ಪೂರ್ತಿ ತಪ್ಪಿತ್ತು.

“ನೀವ್ ಬಂದ್ ಕಾಂತ್ರಾ ಮತ್ತೆ, ಇಲ್ಲ ಕೊಟ್ಟಿಕ್ಕಿ ಹೋಪುದಾ?” ಎಂದು ಅವಳು ಕೇಳಿದಳು.

“ಪ್ರತಿ ಮಂಗ್ಳಾರ ಬತ್ತೆ. ಕುಜನ ವಾರ,” ಎಂದ ಕಮಲಾಕ್ಷ.

ಸಸಿಯನ್ನು ಬಾವಿಯ ಹಿಂದೆ, ಬೇರೆಯವರು ಓಡಾಡದ ಜಾಗದಲ್ಲಿ ಅವಳು ನೆಟ್ಟಳು. ಮುಟ್ಟಬಾರದೆಂಬ ಶಾಸ್ತ್ರವಿದ್ದುದರಿಂದ ತಿಮ್ಮಣ್ಣ ಆ ಕಡೆ ತಲೆ ಹಾಕಲಿಲ್ಲ. ಹೋಗುವವರು ಇಬ್ಬರೇ. ದಿನಾ ವನಜ, ಮಂಗಳವಾರ ಕಮಲಾಕ್ಷ.

ಮೊದಲ ಕೆಲವು ವಾರ ಅವನು ಎಂದಿನ ಮಾಸಲು ಅಂಗಿಯಲ್ಲೇ ಹೋದ. ಆಮೇಲೆ ಅಂಗಿಗೆ ಇಸ್ತ್ರಿ ಬಿತ್ತು. ತಲೆಗೆ ಎಣ್ಣೆ ಬಿತ್ತು. ಒಂದು ಮಂಗಳವಾರ ನನ್ನ ಅಂಗಡಿಯ ಊದುಬತ್ತಿಗಳ ನಡುವೆಯೂ ಪೌಡರಿನ ವಾಸನೆ ಬಂತು.

“ಗಿಡ ಕಾಂಬುಕೆ ಹೋಪುದಾ, ಹೆಣ್ಣ್ ಕಾಂಬುಕಾ?” ಎಂದೆ.

“ಗಿಡಕ್ಕೆ ತೊಂದ್ರೆ ಇತ್ತ್ ಮಾರಾಯ್ರೆ, ನಿಮ್ಗೆ ಎಲ್ಲ ತಮಾಷೆ,” ಎಂದು ಹೊರಟ.

ತೊಂದರೆ ನಿಜವೇ. ಗಿಡ ಹಸಿರಾಗಿತ್ತು, ಸಾಯುತ್ತಿರಲಿಲ್ಲ, ಬೆಳೆಯುತ್ತಲೂ ಇರಲಿಲ್ಲ. ಪ್ರತಿ ವಾರ ಕುಡಿ ಮಾಯ. ವನಜಳನ್ನು ಕೇಳಿದರೆ, “ಮಿಡ್ತೆ ತಿಂತ್,” ಎನ್ನುತ್ತಿದ್ದಳು. ಕಮಲಾಕ್ಷ ಬೂದಿ ಉದುರಿಸಿದ. ಬೇವಿನ ಕಷಾಯ ತಂದ. ಕೊನೆಗೆ ಹಳೆಯ ಸೊಳ್ಳೆಪರದೆಯನ್ನು ಕತ್ತರಿಸಿ ಗಿಡಕ್ಕೊಂದು ಕೋಣೆಯನ್ನೇ ಕಟ್ಟಿಕೊಟ್ಟ. ಮಿಡತೆ ಅದರೊಳಗೂ ಬಂತು.

“ನಿಮ್ಮೂರ್ ಮಿಡ್ತೆ ಭಾರೀ ಉಷಾರ್. ಹಳೆ ಎಲೆ ಬಿಡ್ತ್, ಹೊಸ ಕುಡಿಯೇ ಆಯ್ಕ್ ಅದ್ಕೆ,” ಎಂದು ಅವನು ತಲೆ ಕೆರೆದುಕೊಂಡರೆ ವನಜ ಹೇಳಿದಳಂತೆ: “ಅದ್ಕೂ ನಿಮ್ ಹಾಂಗೆ ಗುರ್ತ್ ಹಿಡ್ದೇ ತಿಂಬ ಅಭ್ಯಾಸ ಇರ್ಕ್.”

ಇದನ್ನೆಲ್ಲ ಅವನು ಅಂಗಡಿಗೆ ಬಂದು ವರದಿ ಒಪ್ಪಿಸುತ್ತಿದ್ದ. ಮೊದಮೊದಲು ವರದಿಯಲ್ಲಿ ಗಿಡ ಹೆಚ್ಚಿರುತ್ತಿತ್ತು. ಬರಬರುತ್ತ ಗಿಡ ಕಡಿಮೆಯಾಗಿ ವನಜ ಹೆಚ್ಚಾದಳು. ಅವಳು ಮಲ್ಲಿಗೆ ಕಡ್ಡಿ ನೆಡುವ ಚಂದ, ಬೈಯುವಾಗ ಹುಬ್ಬು ಒಂದೇ ಮೇಲೆ ಹೋಗುವ ಚಂದ. ಚೌತಿಯ ಮರುದಿನ ಜಲಜ ಅಂಗಡಿಗೆ ಬಂದಾಗ ಕಮಲಾಕ್ಷ ಎದ್ದು ನಿಂತು, “ಜಲಜಕ್ಕ, ಕೂಕಣಿ,” ಎಂದ. ಅವಳು ದಂಗಾಗಿ ನನ್ನ ಕಡೆ ನೋಡಿದಳು. ಮುಖ ನೋಡುವ ಅಭ್ಯಾಸ ಅವನಿಗೆ ಹೊಸದಾಗಿ ಹಿಡಿದಿತ್ತು.

ಆ ಕಡೆ ಗಂಗೊಳ್ಳಿಯ ಅಮ್ಮಣ್ಣಿ ಫೋನಿನ ಮೇಲೆ ಫೋನು ಮಾಡುತ್ತಿದ್ದರು: “ಮೊಣಕಾಲಿಗೆ ಬಂತಾ?” ಯಾರ ಮೊಣಕಾಲೆಂದು ಜ್ಯೋತಿಷಿ ಹೇಳಿರಲಿಲ್ಲ, ಪುಣ್ಯ. ತಿಮ್ಮಣ್ಣ ಹತ್ತು ಸಬೂಬು ಹೇಳಿ, ದೀಪಾವಳಿ ಕಳೆಯಲಿ ಎಂದು ಸಮಾಧಾನ ಮಾಡುತ್ತಿದ್ದರು.

ನವರಾತ್ರಿಗೆ ವನಜ ಬೈಂದೂರಿನ ಚಿಕ್ಕಮ್ಮನ ಮನೆಗೆ ಹೋದಳು. ಗಿಡದ ಬುಡಕ್ಕೆ ತೂತಿನ ಮಡಕೆಯೊಂದನ್ನಿಟ್ಟು, ಹನಿ ಹನಿ ನೀರು ಬೀಳುವ ಏರ್ಪಾಡು ಮಾಡಿ ಹೋಗಿದ್ದಳು. ಆ ವಾರವೂ ಮಂಗಳವಾರ ತಪ್ಪಲಿಲ್ಲ, ಕಮಲಾಕ್ಷನೂ ತಪ್ಪಲಿಲ್ಲ.

ಮಧ್ಯಾಹ್ನ ನಾನು ಅಂಗಡಿಯ ಹಲಗೆ ಹಾಕಿ ಊಟಕ್ಕೆ ಹೊರಟಾಗ ಅವನು ಬಂದ. ಮುಖದಲ್ಲಿ ನೆತ್ತರಿರಲಿಲ್ಲ.

“ಕತ್ತಿ ಬಂದಿತ್ತ್ ರತ್ನಾಕರಣ್ಣ.”

“ಯಾರ್ ತಕಂಡ್ ಬಂದದ್?”

“ಗಿಡಕ್ಕೆ! ಗಿಡಕ್ಕೆ ಕತ್ತಿ ಹಾಂಗಿಪ್ಪ ಎಲೆ ಬಂದಿತ್ತ್. ಈ ಸಲ ಕುಡಿ ಯಾರೂ ತಿನ್ಲಿಲ್ಲೆ. ಗರಿಯ ದಂಟೇ ಅಗಲ ಆಯಿ, ಚಪ್ಪಟೆ ಆಯಿ, ತುದಿಯಗೆ ಒಂಚೂರ್ ಗರಿ ಉಳ್ಕಂಡಿತ್ತ್. ಅದ್ರ ಮೇಲಿನ ಎಲೆ ಪೂರಾ ಕತ್ತಿ. ನಾ ತಂದದ್ ಕಾಚಲ್ಲ. ಅಕೇಶಿಯಾ!”

ಅವನನ್ನು ಕೂರಿಸಿ ನೀರು ಕೊಟ್ಟೆ. ಅಕೇಶಿಯಾ ಹುಟ್ಟುವಾಗ ತನ್ನ ಕುಲದ ಗರಿ ಎಲೆಯನ್ನೇ ತೊಟ್ಟು ಹುಟ್ಟುತ್ತದೆ, ಸ್ವಲ್ಪ ದಿನ ಕಳೆದ ಮೇಲೆ ಅದನ್ನು ಬಿಸಾಡಿ ದಂಟನ್ನೇ ಎಲೆ ಮಾಡಿಕೊಳ್ಳುತ್ತದೆ ಎಂಬುದು ಅವನಿಗೆ ಅಂದೇ ತಿಳಿದದ್ದು. ಕಾಚಿನ ಮರದಲ್ಲಿ ಕೂತ ಹಕ್ಕಿ ಎಲ್ಲೋ ತಿಂದ ಬೀಜವನ್ನು ಅಲ್ಲಿ ಹಾಕಿತ್ತು. ಹಕ್ಕಿಗೆ ಕುಲಗೋತ್ರ ಇಲ್ಲ.

“ಇಷ್ಟೇ ಅಲ್ದಾ? ಗುಡ್ಡೆಗ್ ಹೋಯಿ ನಿಜದ್ದೊಂದ್ ತಕಂಡ್ ಬಾ. ಇದನ್ನ ಕಿತ್ತ್ ಅದನ್ನ ಇಡ್. ಬಾಯಿ ಮುಚ್ಕಂಡಿರ್,” ಎಂದೆ. ವ್ಯಾಪಾರದಲ್ಲಿ ಸರಕು ಬದಲಾದರೆ ನಾವು ಮಾಡುವುದು ಅದನ್ನೇ.

ಮಾರನೆಯ ದಿನವೇ ಅವನು ನಿಜವಾದ ಕಾಚಿನ ಸಸಿ ತಂದ. ಈ ಸಲ ಬೆರಳಲ್ಲಿ ಮುಟ್ಟಿ ನೋಡಿದ್ದ. ಎಲೆಯ ಬುಡದಲ್ಲಿ ಎರಡೆರಡು ಕೊಕ್ಕೆ, ಸಣ್ಣವು, ಆದರೆ ಚೂಪು. ಕರಟವನ್ನು ನನ್ನ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟು ಸುಮ್ಮನೆ ಕೂತ.

“ಇದ್ ನೆಟ್ರೆ ಬೆಳಿತ್ತ್,” ಎಂದ.

“ಬೆಳೀಲಿ.”

“ಬೆಳೆದ್ರೆ ಹೋಮ ಆತ್ತ್.”

“ಆಯ್ಲಿ. ಸಾಮಾನ್ ನನ್ನತ್ರವೇ ಇತ್ತ್.”

“ಹೋಮ ಆರೆ ಗಂಗೊಳ್ಳಿಯರ್ ಬತ್ರ್.”

ಆಗ ನನಗೆ ಪೂರ್ತಿ ಬೆಳಕಾಯಿತು. ಆದರೂ ವ್ಯಾಪಾರಿಯ ನಾಲಗೆ, “ಹಂಗಾರೆ ಆ ಅಕೇಶಿಯಾವೇ ಇರ್ಲಿ. ಯಾರಿಗ್ ಗೊತ್ತಾತ್ತ್?” ಎಂದಿತು.

“ಅಕೇಶಿಯಾ ಕಡ್ಡಿಯಗೆ ಕುಜಶಾಂತಿಯಾ?” ದೇವರ ದೀಪಕ್ಕೆ ಸೀಮೆಎಣ್ಣೆ ಮಾರಿದವನನ್ನು ನೋಡುವ ಹಾಗೆ ಅವನು ನನ್ನನ್ನು ನೋಡಿದ. “ಮತ್ತೆ ಅದನ್ನೇ ಇಟ್ರೂ ಹೆಣ್ಣ್ ಗಂಗೊಳ್ಳಿಗೇ ಅಲ್ದಾ? ಸುಳ್ಳಿಟ್ರೂ ಹೋತ್ತ್, ನಿಜ ಇಟ್ರೂ ಹೋತ್ತ್.”

“ಹಂಗಾರೆ ತಿಮ್ಮಣ್ಣನತ್ರ ಹೋಯಿ ಕೇಣ್ ಮಾರಾಯ, ನಂಗ್ ಕೊಡಿ ಅಂತ್ಹೇಳಿ. ಜಾತಿ ಒಂದೇ, ಬಳಿ-ಗೋತ್ರ ಬೇರೆ. ಎಂತ ಅಡ್ಡಿ ಇತ್ತ್?”

“ಐಸ್ ಪ್ಲಾಂಟಿನವನ ಎದ್ರಿಗೆ ಕಡ್ಡಿ ಮಾರುವವ?” ಎಂದು ನಕ್ಕ. ಆ ನಗು ನನಗೆ ಸೇರಲಿಲ್ಲ. ಆಮೇಲೆ ಎದ್ದು, “ತಪ್ಪ್ ನಂದ್. ನಿಜದ್ದ್ ಕೊಟ್, ಹೇಳಿ ಬತ್ತೆ. ಅಷ್ಟಾರೂ ಮಾಡ್ಕ್,” ಎಂದ.

ವಿಜಯದಶಮಿ ಕಳೆದು ಬಂದ ಮಂಗಳವಾರ ನಾನೇ ಸ್ಕೂಟರಿನಲ್ಲಿ ಅವನನ್ನು ಕರೆದುಕೊಂಡು ಹೋದೆ. ನನಗೆ ಬ್ರಹ್ಮಾವರದಲ್ಲಿ ಕೆಲಸವೇನೂ ಇರಲಿಲ್ಲ. ಅಂಗಡಿ ಮುಚ್ಚಿ ಹೋದೆನೆಂದರೆ ಸಂಗತಿ ಎಷ್ಟು ದೊಡ್ಡದೆಂದು ನನ್ನನ್ನು ಬಲ್ಲವರಿಗೆ ಅರ್ಥವಾದೀತು.

ತಿಮ್ಮಣ್ಣ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದರು. ಕಮಲಾಕ್ಷ ಕೂರಲಿಲ್ಲ. ಕರಟ ಹಿಡಿದು ಅಂಗಳದಲ್ಲೇ ನಿಂತು, “ತಿಮ್ಮಣ್ಣ, ನಾ ತಂದದ್ ಕಾಚಲ್ಲ. ಅಕೇಶಿಯಾ. ನಂಗ್ ಗುರ್ತ್ ತಪ್ಪಿತ್ತ್. ನಿಜದ್ದ್ ಈಗ ತಂದಿದೆ,” ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

ತಿಮ್ಮಣ್ಣನ ಲೋಟ ಅರ್ಧ ದಾರಿಯಲ್ಲಿ ನಿಂತಿತು. ಮರುಕ್ಷಣ ಎದ್ದು ಬಾವಿಯ ಹಿಂದಕ್ಕೆ ನಡೆದರು, ನಾವು ಹಿಂಬಾಲಿಸಿದೆವು. ಸೊಳ್ಳೆಪರದೆ ಎತ್ತಿ ನೋಡಿದವರು ಗಿಡ ನಡುಗುವಂತೆ ನಕ್ಕರು.

“ಅಯ್ಯೋ ದೇವ್ರೇ! ಅಕೇಶಿಯಾ ಮಾಡಿ ಮಾಡಿ ನನ್ನ ಕೈಯೇ ಕತ್ತಿ ಆಯ್ತ್. ನನ್ನ ಹಿತ್ಲಗೇ ಇದನ್ನ ಸಾಂಕಿ, ಗಂಗೊಳ್ಳಿಯರಿಗೆ ನಾಲ್ಕ್ ತಿಂಗ್ಳಿಂದ ಕಾಚ್ ಅಂದೇಳಿ...” ನಗು ಅಲ್ಲಿಗೇ ನಿಂತಿತು. ಅವರು ಬಗ್ಗಿ ದಂಟನ್ನು ಹೆಬ್ಬೆರಳಿನಿಂದ ಸವರಿದರು. ಗಂಟು ಗಂಟಿಗೂ ಒಂದು ಒಣಗಿದ ಗಾಯ.

“ಇದ್ ಎಂತ?”

“ಮಿಡ್ತೆ ತಿಂದದ್,” ಎಂದ ಕಮಲಾಕ್ಷ.

“ಮಿಡ್ತೆ ತಿಂದ್ರೆ ಅಂಚ್ ಗರಗಸ ಆತ್ತ್. ಇದ್ ನೆಟ್ಟಗೆ ಇತ್ತ್. ಇದ್ ಉಗುರ್.” ತಿಮ್ಮಣ್ಣ ನೆಟ್ಟಗಾದರು. “ವನಜಾ!”

ವನಜ ಬಂದಳು. ಅಪ್ಪನ ಮುಖ, ಗಿಡದ ಕತ್ತಿ ಎಲೆ, ಕಮಲಾಕ್ಷನ ಕೈಯ ಕರಟ, ಮೂರನ್ನೂ ನೋಡಿ ಅವಳಿಗೆ ಸಂಗತಿ ತಿಳಿದುಹೋಯಿತು. ಸೆರಗಿಗೆ ಕೈ ಒರೆಸಿಕೊಂಡು ನಿಂತಳು.

“ಈ ಕುಡಿ ಯಾರ್ ಚೂಂಟದ್?”

“ನಾನ್.”

“ಇದ್ ಅಕೇಶಿಯಾ ಅಂತ್ಹೇಳಿ ನಿಂಗ್ ಯಾವಾಗ ಗೊತ್ತಾಯ್ತ್?”

“ತಂದ ದಿನವೇ. ಮಳಿಗಾಲ ಪೂರಾ ಅಕೇಶಿಯಾ ಸಸಿಗೆ ಮಣ್ಣ್ ತುಂಬುವಳಿಗೆ ಗೊತ್ತಾತಿಲ್ಯಾ? ಕತ್ತಿ ಎಲೆ ಬಪ್ಪುಕೆ ಹೊರಟಾಗೆಲ್ಲ ಚೂಂಟದೆ. ಗರಿ ಎಲೆ ಮಾತ್ರ ಇಟ್ಟದೆ.”

“ಹೇಳುಕೆ ಎಂತ ಆಯ್ತ್ ನಿಂಗೆ?”

“ಹೇಳಿರೆ ಇವ್ರ್ ಮಾರನೆ ದಿನವೇ ನಿಜದ್ದ್ ತಕಂಡ್ ಬಪ್ರ್. ಅದ್ ಬೆಳೆದ್ರೆ ನಾ ಗಂಗೊಳ್ಳಿಗ್ ಹೋಯ್ಕ್. ಇವ್ರ್ ಮಂಗ್ಳಾರ ಬಪ್ಪುದೂ ನಿಂತ್ ಹೋತ್ತ್.” ಅವಳು ಮೊದಲ ಸಲ ಕಮಲಾಕ್ಷನ ಕಡೆ ತಿರುಗಿದಳು. “ಎಲೆ ಕಂಡ್ರೆ ಸಾಕಂಬ್ರ್! ವಾರ ವಾರ ಬಂದ್ ಬೂದಿ ಹಾಕಿದ್ರ್, ಪರದೆ ಕಟ್ಟಿದ್ರ್. ಉಗುರಿನ್ ಗುರ್ತ್ ಕಾಂಬುಕೇ ಆಯ್ಲಿಲ್ಲೆ ಇವ್ರಿಗೆ.”

ಕಮಲಾಕ್ಷ ಗೀರುಬಿದ್ದ ಕೈಯಲ್ಲಿ ಕರಟವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಕಿವಿ ಎರಡೂ ಕೆಂಪಾಗಿದ್ದವು.

ತಿಮ್ಮಣ್ಣ ಕೆಮ್ಮಿದರು. “ಕಮಲಾಕ್ಷ, ನಿನ್ನ್ ಕೈಯಗಿಪ್ಪುದ್ ನಿಜದ್ದಾ?”

“ನಿಜದ್ದ್. ಕೊಕ್ಕೆ ಇತ್ತ್.”

“ಹಂಗಾರೆ ಹೇಳ್. ನೆಡ್ಕಾ, ಬ್ಯಾಡ್ದಾ?”

ಇದು ಯಾವ ಗಿಡ ಎಂದು ಅವನನ್ನು ಕೇಳಿದವರು ಸಾವಿರ ಜನ. ನಿನಗೇನು ಬೇಕು ಎಂದು ಕೇಳಿದವರನ್ನು ನಾನು ಕಂಡಿರಲಿಲ್ಲ. ಕಮಲಾಕ್ಷ ಗಿಡ ನೋಡಿದ, ನೆಲ ನೋಡಿದ.

“ಬ್ಯಾಡ,” ಎಂದ.

“ಜೋರಾಯ್ ಹೇಳ್.”

“ನೆಡುದ್ ಬ್ಯಾಡ ತಿಮ್ಮಣ್ಣ. ನೆಟ್ರೆ ಹೋಮ ಆತ್ತ್.”

“ಹೋಮ ಆಗ್ದೆ ಹೆಣ್ಣಿನ್ನ ಮನೆಯಗೆ ಕೂರ್ಸ್ಕಂಬುದಾ ನಾನ್?”

“ನನ್ನ್ ಮನೆಯಗೆ ಕೂಕಂಬ್ಲಿ,” ಎಂದುಬಿಟ್ಟ ಕಮಲಾಕ್ಷ. ಹೇಳಿದ ಮೇಲೆ ಅವನಿಗೇ ಹೆದರಿಕೆಯಾಗಿ ಒಂದು ಹೆಜ್ಜೆ ಹಿಂದೆ ಸರಿದ.

ವನಜಳ ಹುಬ್ಬು ಒಂದೇ ಮೇಲೆ ಹೋಯಿತು. ಚಂದ ಹೌದು, ಅವನ ವರದಿಯಲ್ಲಿ ಉತ್ಪ್ರೇಕ್ಷೆ ಇರಲಿಲ್ಲ.

ತಿಮ್ಮಣ್ಣ ಬಾವಿಕಟ್ಟೆಯ ಮೇಲೆ ಕೂತರು. ಮಗಳನ್ನು ನೋಡಿದರು. ನಾಲ್ಕು ತಿಂಗಳು ಸದ್ದಿಲ್ಲದೆ ಕುಡಿ ಚಿವುಟಿದವಳು ಗಂಗೊಳ್ಳಿಗೆ ಹೋದರೆ ಅಲ್ಲಿ ಏನೇನು ಚಿವುಟಿಯಾಳೆಂದು ಲೆಕ್ಕ ಹಾಕುತ್ತಿದ್ದರೆಂದು ನನಗನ್ನಿಸಿತು.

“ನಿಂದ್ ಜಾತ್ಕ ಇತ್ತಾ?” ಎಂದು ಕಮಲಾಕ್ಷನನ್ನು ಕೇಳಿದರು.

“ಇಲ್ಲೆ. ಬಂಗುಡೆ ರಾಶಿ ಬಿದ್ದ ವರ್ಷ ಹುಟ್ಟಿದ್ ಅಂತ್ಹೇಳಿ ಅಬ್ಬೆ ಹೇಳ್ತಿತ್ತ್. ಅಷ್ಟೇ ಗೊತ್ತಿಪ್ಪುದ್.”

“ಜಾತ್ಕ ಇಲ್ದಿದ್ದವನಿಗೆ ದೋಷ ತಾಗುದ್ ಹ್ಯಾಂಗೆ?” ತಿಮ್ಮಣ್ಣ ನನ್ನ ಕಡೆ ತಿರುಗಿದರು. “ತಾಗುದಿಲ್ಲೆ ಅಲ್ದಾ ರತ್ನಾಕರಣ್ಣ? ನೀವ್ ಪೂಜೆ ಸಾಮಾನಿನವ್ರ್, ನಿಮ್ಗೆ ಗೊತ್ತಿರ್ಕ್.”

ಒಂದು ಕುಜಶಾಂತಿಯ ವ್ಯಾಪಾರ ನನ್ನ ಕಣ್ಣೆದುರಿಗೇ ಹೊಳೆಗೆ ಹೋಗುತ್ತಿತ್ತು. ಆದರೆ ಗಂಗೊಳ್ಳಿಯ ಮದುವೆಯಾದರೆ ಸಾಮಾನು ಗಂಗೊಳ್ಳಿಯಲ್ಲೇ ಕೊಳ್ಳುತ್ತಾರೆ. ಸಾಲಿಗ್ರಾಮದ ಮದುವೆಗೆ ಅಂಗಡಿ ಒಂದೇ. “ಶಾಸ್ತ್ರದಗೆ ಹಾಂಗೇ ಇತ್ತ್,” ಎಂದು ಗಂಭೀರವಾಗಿ ಹೇಳಿದೆ. ಯಾವ ಶಾಸ್ತ್ರವೆಂದು ಅವರು ಕೇಳಲಿಲ್ಲ. ಒಳ್ಳೆಯ ಗಿರಾಕಿಗಳು ಕೇಳುವುದಿಲ್ಲ.

“ಅಮ್ಮಣ್ಣಿಗೆ ಯಾರ್ ಹೇಳುದ್ ಈಗ?” ಎಂದು ತಿಮ್ಮಣ್ಣ ತಲೆಯ ಮೇಲೆ ಕೈಯಿಟ್ಟರು. ಇಷ್ಟು ಹೊತ್ತಿನ ದೊಡ್ಡ ಗಂಟಲು ಮತ್ತೆ ಇಳಿದಿತ್ತು.

“ನಾ ಹೇಳ್ತೆ,” ಎಂದು ವನಜ ಒಳಗೆ ಹೋದಳು. ಫೋನು ಜಗಲಿಯ ಕಿಟಕಿಯ ಪಕ್ಕವೇ ಇತ್ತು. ನಾವು ಮೂವರೂ ಅಂಗಳಕ್ಕೆ ಬಂದು ಕಿವಿ ಕೊಟ್ಟು ನಿಂತೆವು.

“ಹಲೋ, ಅಮ್ಮಣ್ಣಿ ಅಕ್ಕ? ನಾನ್ ವನಜ... ಹೌದ್, ಗಿಡದ್ ವಿಷಯವೇ. ಅದ್ ಮೊಣಕಾಲಿಗೆ ಬತ್ತಿಲ್ಲೆ... ಇಲ್ಲೆ, ಸಾಯ್ಲಿಲ್ಲೆ, ಚಂದ ಇತ್ತ್. ಆರೆ ಅದ್ ಕಾಚಲ್ಲ... ಹೌದ್. ಬೇರೆ ನೆಡುದೂ ಇಲ್ಲೆ. ನೀವ್ ಬೇರೆ ಕಡೆ ಕಾಣಿ ಅಕ್ಕ, ನಿಮ್ ಮಗನಿಗೆ ಎಂತ ಕಡಿಮಿ?”

ಆ ಕಡೆಯಿಂದ ಬಂದ ಮಾತು ನಮಗೆ ಅಂಗಳದವರೆಗೂ ಕೇಳಿಸಿತು, ಬರೆಯುವಂಥದ್ದಲ್ಲ. ವನಜ ಪೂರ್ತಿ ಕೇಳಿ, “ಆಯ್ಲಿ ಅಕ್ಕ,” ಎಂದು ಫೋನು ಇಟ್ಟು ಹೊರಗೆ ಬಂದಳು. ಕಮಲಾಕ್ಷ ನಿಂತಲ್ಲೇ ಇದ್ದ. ಅವಳು ಅವನ ಕೈಯಿಂದ ಕರಟ ತೆಗೆದು ಜಗಲಿಯ ಮೇಲಿಟ್ಟಳು.

“ಇನ್ನೂ ಮಂಗ್ಳಾರ ಮಾತ್ರ ಬಪ್ಪುದಾ? ಬೇರೆ ದಿನ ಬಪ್ಪುಕಾತಿಲ್ಯಾ?”

“ನಾಳೆ ಬುಧವಾರ,” ಎಂದ ಕಮಲಾಕ್ಷ. ಅವಳ ಮುಖವನ್ನೇ ನೋಡಿ, “ಬತ್ತೆ,” ಎಂದ.